ಕಲಬುರಗಿಯಲ್ಲೇ ಇದ್ದು ರ‍್ಯಾಪ್ ಮಾಡಬಹುದಾ, ಇಲ್ಲ ಬೆಂಗಳೂರು ಗಾಡಿ ಹತ್ತಲೇಬೇಕಾ?

ಬಿಸಿಲೂರ್_ಹುಡುಗ
ಏಪ್ರಿಲ್ 27, ರಾತ್ರಿ 11:48

ಎಲ್ಲರಿಗೂ ನಮಸ್ಕಾರ. ನನ್ನದು ಕಲಬುರಗಿ, ಬಿ.ಕಾಂ. ಕೊನೇ ವರ್ಷ. ಎರಡು ವರ್ಷದಿಂದ ರ‍್ಯಾಪ್ ಬರೆಯುತ್ತಿದ್ದೇನೆ. ಯೂಟ್ಯೂಬಿನಲ್ಲಿ 14 ಹಾಡು ಹಾಕಿದ್ದೇನೆ. ಒಂದಕ್ಕೆ ಮಾತ್ರ 900 ವ್ಯೂ ಬಂದಿದೆ, ಉಳಿದವು ನೂರು ದಾಟಿಲ್ಲ. ಆ 900ರಲ್ಲೂ ಅರ್ಧ ನಾನೇ ನೋಡಿದ್ದಿರಬೇಕು.

ಮೊನ್ನೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಮೆಸೇಜ್ ಮಾಡಿದರು. ಬೆಂಗಳೂರಿನಲ್ಲಿ ಅವರದು ಲೇಬಲ್ ಇದೆಯಂತೆ. 45,000 ಕೊಟ್ಟರೆ ಬೀಟ್, ರೆಕಾರ್ಡಿಂಗ್, ವಿಡಿಯೋ, ಪ್ರಮೋಷನ್ ಎಲ್ಲಾ ಅವರೇ ನೋಡಿಕೊಳ್ಳುತ್ತಾರಂತೆ. ಒಂದು ಲಕ್ಷ ವ್ಯೂ ಗ್ಯಾರಂಟಿ ಅಂತೆ. ಅಪ್ಪ ಗಂಜಿನಲ್ಲಿ (ಇಲ್ಲಿನ ಕಾಳಿನ ಮಾರುಕಟ್ಟೆ) ಒಂದು ಅಡತಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಷ್ಟು ರೊಕ್ಕ ಕೇಳೋಕೆ ಬಾಯಿ ಬರುತ್ತಿಲ್ಲ. ಇಲ್ಲದಿದ್ದರೆ ಪರೀಕ್ಷೆ ಮುಗಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿಬಿಡೋಣ ಅಂತಲೂ ಅನಿಸುತ್ತಿದೆ.

ಹೊಸ ಹಾಡಿನ ನಾಲ್ಕು ಸಾಲು ಹಾಕಿದ್ದೇನೆ. ಖರೆ ಹೇಳಿ, ಬೈದರೂ ಪರವಾಗಿಲ್ಲ.

*ಮುಂಜಾನಿ ಎದ್ದು ನಾ ರ‍್ಯಾಪ್ ಮಾಡ್ತೀನಿ,*
*ದುಶ್ಮನ್ ಬಂದ್ರ ನಾ ದೂರ ಓಡಿಸ್ತೀನಿ,*
*ಹುಲಿ ಹಂಗ ಸ್ಟೇಜಿಗಿ ನಾ ಬರ್ತೀನಿ,*
*ಎಲ್ಲಾರ ದಿಲ್ ನಾ ಗೆಲ್ತೀನಿ.*

ಸುಸ್ಲಾ_ಮಿರ್ಚಿ
ರಾತ್ರಿ 11:55

ತೀನಿ ತೀನಿ ತೀನಿ ತೀನಿ. ತಮ್ಮಾ, ಊಟ ಆಗಿದೆಯಾ?

ಬಿಸಿಲೂರ್_ಹುಡುಗ
ರಾತ್ರಿ 11:57

😭 ಅಣ್ಣಾ

ವಕೀಲ್_ಸಾಬ್
ಏಪ್ರಿಲ್ 28, ಬೆಳಿಗ್ಗೆ 7:10

ಸಾಲುಗಳ ಬಗ್ಗೆ ಬೇರೆಯವರು ಹೇಳಲಿ. ನಾನು 45,000ದ ಬಗ್ಗೆ ಹೇಳುತ್ತೇನೆ. ಕೊಡಬೇಡ.

ಲೇಬಲ್ ಅಂದರೆ ನಿನ್ನ ಮೇಲೆ ಅವರು ದುಡ್ಡು ಹಾಕಬೇಕು. ಇಲ್ಲಿ ನೀನೇ ಹಾಕುತ್ತಿದ್ದೀಯ. ಹಾಗಾದರೆ ಅವರು ಲೇಬಲ್ ಅಲ್ಲ, ಅಂಗಡಿ. ಅಂಗಡಿ ಇಡೋದು ತಪ್ಪಲ್ಲ, ಆದರೆ ಗಿರಾಕಿಗೆ ‘ನಿನ್ನನ್ನು ಆರಿಸಿದ್ದೇವೆ’ ಅನ್ನೋದು ತಪ್ಪು. ಇನ್ನು ವ್ಯೂಗೆ ಗ್ಯಾರಂಟಿ ಕೊಡುತ್ತಾರೆ ಅಂದರೆ ಅವು ಹೆಚ್ಚಾಗಿ ಕೊಂಡ ವ್ಯೂಗಳೇ. ಸುಳ್ಳು ವ್ಯೂ ಗೊತ್ತಾದರೆ ಯೂಟ್ಯೂಬ್ ಅಳಿಸಿಹಾಕುತ್ತದೆ, ಚಾನಲ್‌ಗೂ ಕುತ್ತು.

ಇನ್ನೊಂದು ಮಾತು. ಅವರು ಕಾಗದ ಕಳಿಸಿದ್ದರೆ ‘ಎಲ್ಲಾ ಹಕ್ಕು’, ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಈ ಮೂರು ಪದ ಎಲ್ಲಿವೆ ಅಂತ ಹುಡುಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು ಆ ಪದಗಳನ್ನು ಮರೆಯದೆ ಹಾಕುತ್ತಾರೆ. 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವನ ರಾಯಲ್ಟಿ ಪಾಲನ್ನು ಪೂರ್ತಿ ಬರೆಸಿಕೊಳ್ಳೋಕೆ ಆಗೋದಿಲ್ಲ. ಹಾಗೆ ಬರೆಸಿಕೊಂಡರೂ ಆ ಮಾತು ನಿಲ್ಲೋದಿಲ್ಲ. ಹಾಡು ಬರೆದ ದಿನವೇ ಅದರ ಹಕ್ಕು ನಿನ್ನದು, ನೋಂದಣಿ ಕಡ್ಡಾಯ ಅಲ್ಲ. ಆದರೆ ತಾರೀಖು ಇರುವ ಡ್ರಾಫ್ಟ್‌ಗಳನ್ನು ಇಟ್ಟುಕೋ. ವಾಟ್ಸಾಪಿನಲ್ಲಿ ನಿನಗೆ ನೀನೇ ಕಳಿಸಿಕೊಂಡರೂ ಆಯ್ತು, ಏನೂ ಇಲ್ಲದಕ್ಕಿಂತ ವಾಸಿ.

ಬೀದರ್_ಬೇಸ್
ಏಪ್ರಿಲ್ 28, ಬೆಳಿಗ್ಗೆ 9:32

ವಕೀಲರ ಮಾತು ಖರೆ. ನಾನು ಬೀದರಿನವನು, ಬೀಟ್ ಮಾಡುತ್ತೇನೆ. ನಿನ್ನ ಚಾನಲ್ ನೋಡಿದೆ. 14ರಲ್ಲಿ 14ಕ್ಕೂ ಯೂಟ್ಯೂಬಿಂದ ಇಳಿಸಿದ ‘ಫ್ರೀ’ ಬೀಟ್, ಹೌದಲ್ಲ?

ಆ ‘ಫ್ರೀ’ ಅನ್ನೋದು ಪುಕ್ಕಟೆ ಅಲ್ಲ. ‘ದುಡ್ಡು ಮಾಡದಿದ್ದರೆ ಮಾತ್ರ ಬಳಸಿ’ ಅಂತ ಕೆಳಗೆ ಸಣ್ಣಗೆ ಬರೆದಿರುತ್ತಾರೆ. ನನಗೆ ಆದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನಾನೂ ಗೆಳೆಯನೂ ಸೇರಿ ಮಾಡಿದ ಒಂದು ಹಾಡು ಬೀದರಿನ ಕಾಲೇಜು ಹುಡುಗರ ಸ್ಟೇಟಸ್‌ಗಳಲ್ಲಿ ಓಡಾಡಿತು. ಅದೇ ವಾರ ಕಂಟೆಂಟ್ ಐಡಿ ಕ್ಲೇಮ್ ಬಂತು, ಅಂದರೆ ಈ ಸಂಗೀತ ಬೇರೆಯವರದು ಅಂತ ಯೂಟ್ಯೂಬ್ ತಾನೇ ಹಿಡಿಯೋದು. ನಮ್ಮಂತೆಯೇ ಆ ಬೀಟ್ ಇಳಿಸಿದ ಯಾವನೋ ಒಬ್ಬ ಅದನ್ನು ತನ್ನ ಹೆಸರಲ್ಲಿ ಹಾಕಿಬಿಟ್ಟಿದ್ದ. ಮಾತು ನಮ್ಮದು, ದನಿ ನಮ್ಮದು, ಜಾಹೀರಾತಿನ ದುಡ್ಡು ಅವನದು!

ಬೀಟನ್ನು ಲೀಸ್ ತೆಗೆದುಕೋ, ಅಂದರೆ ದುಡ್ಡು ಕೊಟ್ಟು ಬಳಸುವ ಅನುಮತಿ. ಆದರೆ ಲೀಸ್ ಅಂದರೂ ಅದೇ ಬೀಟ್ ಇನ್ನೂ ಐವತ್ತು ಜನಕ್ಕೆ ಹೋಗಿರುತ್ತದೆ ಅಂತ ತಿಳಿದಿರು. ಎಷ್ಟು ಸ್ಟ್ರೀಮ್ ತನಕ ನಡೆಯುತ್ತದೆ ಅನ್ನೋದನ್ನೂ ಓದಿಕೋ. ಎಂಪಿ3 ಮಾತ್ರ ಕೊಟ್ಟರೆ ಬೇಡ, ವೇವ್ ಫೈಲ್ ಕೇಳು. ರಸೀದಿ ಇಟ್ಟುಕೋ, ಕ್ಲೇಮ್ ಬಂದಾಗ ಅದೇ ಕೈ ಹಿಡಿಯೋದು.

ಇಲ್ಲಾ ಇನ್ನೊಂದು ದಾರಿ ಇದೆ. ಬೀಟ್ ಮಾಡೋ ನಮ್ಮ ಕಡೆಯ ಹುಡುಗನನ್ನೇ ಹುಡುಕು, ಅರ್ಧ-ಅರ್ಧ ಮಾಡಿಕೊಳ್ಳಿ. ಮೊಹರಂ ಬಂದರೆ ಅಲಾಯಿ ಕುಣಿತಕ್ಕೆ ಹಲಗೆ ಬಡಿಯುತ್ತಾರಲ್ಲ, ಹೋದ ಸಲ ಆ ಹಿರಿಯರನ್ನು ಕೇಳಿ, ಊರ ಹೊರಗೆ ಬಯಲಲ್ಲಿ ನಿಲ್ಲಿಸಿ ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಬೆಂಕಿಗೆ ಹಿಡಿದು ಕಾಯಿಸಿದ ಹಲಗೆಯ ಮೊದಲ ಏಟಿಗೂ ಹತ್ತು ನಿಮಿಷ ಕಳೆದ ಮೇಲಿನ ಏಟಿಗೂ ಸ್ವರ ಬೇರೆ. ಆ ಎರಡನ್ನೂ ಕತ್ತರಿಸಿ ಒಂದನ್ನು ಬೀಟಿನ ಕಿಕ್ (ದಪ್ಪ ಏಟು) ಮಾಡಿದೆ, ಇನ್ನೊಂದನ್ನು ಸ್ನೇರ್ (ಚುರುಕು ಏಟು) ಮಾಡಿದೆ. ಇಂಥದ್ದು ಯಾವ ಸ್ಯಾಂಪಲ್ ಪ್ಯಾಕಿನಲ್ಲೂ ಸಿಗೋದಿಲ್ಲ. ಹಿರಿಯರ ಹೆಸರು ಹಾಕಿದೆ, ರೊಕ್ಕನೂ ಕೊಟ್ಟೆ. ಅದನ್ನು ಮರೆಯಬಾರದು.

ಸ್ಟಾರ್_ಎಂಸಿ_ಆಫೀಷಿಯಲ್
ಏಪ್ರಿಲ್ 28, ಬೆಳಿಗ್ಗೆ 9:50

ಬ್ರೋ ನನ್ನ ಚಾನಲ್ ಸಬ್‌ಸ್ಕ್ರೈಬ್ ಮಾಡಿ, ನಾನೂ ಮಾಡ್ತೀನಿ 🔥🔥

ಸುಸ್ಲಾ_ಮಿರ್ಚಿ
ಏಪ್ರಿಲ್ 28, ಬೆಳಿಗ್ಗೆ 9:58

ಇಲ್ಲೂ ಒಂದು ‘ತೀನಿ’.

ತೊಗರಿಬ್ಯಾಳಿ_ಕಾಕಾ
ಏಪ್ರಿಲ್ 28, ಮಧ್ಯಾಹ್ನ 3:15

ನಾನು ಜೇವರ್ಗಿ ಕಡೆಯವನು, ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ರ‍್ಯಾಪ್ ನನಗೆ ಗೊತ್ತಾದದ್ದು 2018ರಲ್ಲಿ. ಚಂದನ್ ಶೆಟ್ಟಿ ಬಿಗ್ ಬಾಸ್ ಗೆದ್ದಾಗ ನನ್ನ ಮೊಮ್ಮಗ ಮನೆ ತುಂಬ ಕುಣಿದ. ಅದಕ್ಕೂ ಮೊದಲು ನಾನು ರ‍್ಯಾಪ್ ಕೇಳಿದ್ದೆ, ಆದರೆ ಅದರ ಹೆಸರು ಬೇರೆ ಇತ್ತು.

ನಮ್ಮ ಸೋದರಮಾವ ಹರದೇಶಿ ಮೇಳದಲ್ಲಿದ್ದರು. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಎರಡು ಮೇಳ ಎದುರುಬದುರು ನಿಂತು ಗೀಗೀ ಪದ ಹಾಡುತ್ತಿದ್ದವು. ಒಂದು ಮೇಳ ಗಂಡು ಹೆಚ್ಚು ಅನ್ನೋದು, ಇನ್ನೊಂದು ಹೆಣ್ಣು ಹೆಚ್ಚು ಅನ್ನೋದು. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು, ಬೆಳಕು ಹರಿಯೋ ತನಕ. ಕೈಯಲ್ಲಿ ಡಪ್ಪು, ತುಂತುಣಿ, ತಾಳ. ಮುಂದಿನವ ಉಸಿರು ತೆಗೆದುಕೊಳ್ಳೋಕೆ ಅಂತಲೇ ಹಿಂದಿನವರು ಸೊಲ್ಲು ಎತ್ತುತ್ತಿದ್ದರು. ಈಗ ನೀವು ಹೈಪ್ ಮ್ಯಾನ್ ಅಂತೀರಲ್ಲ, ಅದೇ. ಜವಾಬು ತಡವಾದರೆ ಜನ ಸೀಟಿ ಹೊಡೆಯುತ್ತಿದ್ದರು. ಚೆನ್ನಾಗಿದ್ದರೆ ಐದು ರೂಪಾಯಿ ಆಹೇರಿ. ಒಂದು ಸಲ ಮಾವ ಸೋತು ಬಂದ ಮೇಲೆ ಮೂರು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ, ನಾಲ್ಕನೇ ದಿನ ಜೋಳದ ಹೊಲದಲ್ಲಿ ಒಬ್ಬರೇ ಜವಾಬು ಕಟ್ಟುತ್ತಿದ್ದರು.

ಈಗ ನಿನ್ನ ಸಾಲಿಗೆ ಬರುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೇ ‘ಮಾಡ್ತೀನಿ-ನೋಡ್ತೀನಿ’ ಪ್ರಾಸ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ. ಕ್ರಿಯಾಪದವನ್ನು ಸಾಲಿನ ನಡುವೆ ತಳ್ಳು, ಕೊನೆಗೆ ಒಂದು ವಸ್ತುವನ್ನು ಇಡು. ಅಪ್ಪ, ಚೀಲ, ಧೂಳು, ಏನಾದರೂ. ಆಮೇಲೆ ಹಳೇ ಕವಿಗಳ ಆದಿಪ್ರಾಸ ಇದೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ರ‍್ಯಾಪಿಗೆ ಅದು ಹೇಳಿ ಮಾಡಿಸಿದ ಹಾಗಿದೆ, ಯಾಕಂದರೆ ಸಾಲು ಶುರುವಾಗುವಲ್ಲೇ ಕಿವಿಗೆ ತಟ್ಟುತ್ತದೆ.

ಮಾತ್ರೆ ಎಣಿಸೋದು ಶಾಲೆಯಲ್ಲಿ ಕಲಿತಿರುತ್ತೀಯ. ಲಘು ಒಂದು, ಗುರು ಎರಡು. ಪರೀಕ್ಷೆಗೆ ಕಲಿತು ಮರೆತಿದ್ದೀಯ, ಅಷ್ಟೇ. ನಿನ್ನ ಫ್ಲೋ ಎಡವುವುದು ಬೀಟಿನಿಂದಲ್ಲ, ಒಂದು ಸಾಲಿಗೆ ಮಾತ್ರೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಆಗಿರೋದರಿಂದ.

ಇನ್ನೊಂದು. ದುಶ್ಮನ್ ಯಾರಪ್ಪಾ? ನಿನಗೆ ದುಶ್ಮನ್ ಇದ್ದ ಹಾಗೆ ಕಾಣೋದಿಲ್ಲ. ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಏನಾಯಿತು, ಅದನ್ನು ಬರಿ.

ಯಶವಂತಪುರ_ವಾಸಿ
ಏಪ್ರಿಲ್ 28, ರಾತ್ರಿ 10:05

ಕಾಕಾ, ನಮಸ್ಕಾರ. ನಾನು ಸೇಡಂನವನು, ಬೆಂಗಳೂರಿಗೆ ಬಂದು ಆರು ವರ್ಷ. ಇಲ್ಲಿ ಎಲ್ಲರೂ ‘ಹೋಗಬೇಡ’ ಅನ್ನೋ ಧಾಟಿಯಲ್ಲಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ.

ಇಲ್ಲಿ ಶೋ ಇವೆ, ಸೈಫರ್‌ಗಳಿವೆ (ಸುತ್ತ ನಿಂತು ಸರದಿಯಂತೆ ಹಾಡೋದು), ನಿನಗಿಂತ ಚೆನ್ನಾಗಿ ಹಾಡುವವರು ಪಕ್ಕದಲ್ಲೇ ನಿಂತಿರುತ್ತಾರೆ. ಅದು ಕಲಬುರಗಿಯಲ್ಲಿ ಸಿಗೋದು ಕಷ್ಟ. ಆದರೆ ಬಾಡಿಗೆ ಕಟ್ಟೋಕೆ ನಾನು ದಿನಕ್ಕೆ ಹತ್ತು ತಾಸು ಡೆಲಿವರಿ ಮಾಡಿದೆ. ಮೊದಲ ಎರಡು ವರ್ಷದಲ್ಲಿ ಬರೆದದ್ದು ನಾಲ್ಕು ಹಾಡು. ನೀನು ಮನೆಯಲ್ಲಿ ಕೂತು ಅದೇ ಹೊತ್ತಿನಲ್ಲಿ 14 ಬರೆದಿದ್ದೀಯ.

ಇನ್ನೊಂದು ಕಹಿ ಮಾತಿದೆ. ಇಲ್ಲಿ ಒಬ್ಬ ಪ್ರೊಡ್ಯೂಸರ್ ನನ್ನನ್ನು ಕರೆದು ‘ನಿಮ್ಮ ಕಡೆ ಭಾಷೆಯಲ್ಲಿ ಬೈಗುಳ ಹಾಕಿ ಕಾಮಿಡಿಯಾಗಿ ಮಾಡಿ, ಓಡುತ್ತೆ’ ಅಂದ. ಸಿನಿಮಾದಲ್ಲಿ ನಮ್ಮ ಭಾಷೆ ಬಂತು ಅಂದರೆ ಜನ ನಗೋಕೆ ತಯಾರಾಗಿ ಕೂತಿರುತ್ತಾರೆ, ಗೊತ್ತಲ್ಲ. ನಾನು ಒಪ್ಪಲಿಲ್ಲ. ಆಮೇಲೆ ಎರಡು ವರ್ಷ ಬೆಂಗಳೂರು ಕನ್ನಡದಲ್ಲಿ ಹಾಡಿದೆ. ಅದು ಇನ್ನೂ ದೊಡ್ಡ ತಪ್ಪು. ನಾಲಿಗೆ ಹೊರಳುತ್ತಿರಲಿಲ್ಲ, ಬಾಡಿಗೆ ಅಂಗಿ ಹಾಕಿಕೊಂಡ ಹಾಗಿತ್ತು. ‘ಭಾಳ’, ‘ಹಂಗ’, ‘ಹೊಂಟೀನಿ’ ಎಲ್ಲಾ ವಾಪಸ್ ತಂದ ಮೇಲೆ ಮೊದಲ ಸಲ ಒಬ್ಬ ಅಪರಿಚಿತ ಬಂದು ಕೈ ಕುಲುಕಿದ. ಅವನು ರಾಯಚೂರಿನವನು.

ಹೋಗು, ಆದರೆ ಗಾಡಿ ಹತ್ತುವಾಗ ಕೈಯಲ್ಲಿ ಇಪ್ಪತ್ತು ನಿಮಿಷದ ಸೆಟ್ ಇರಲಿ. ಖಾಲಿ ಕೈಯಲ್ಲಿ ಬರಬೇಡ.

ಕೌದಿ_ಸ್ಟುಡಿಯೋ
ಏಪ್ರಿಲ್ 29, ಬೆಳಿಗ್ಗೆ 6:20

ರೆಕಾರ್ಡಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಿನ್ನ ಹಾಡು ಕೇಳಿದೆ ತಮ್ಮಾ, ಬಾವಿಯೊಳಗಿಂದ ಹಾಡಿದ ಹಾಗಿದೆ. ನಿಮ್ಮ ಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲ ಇರಬೇಕು. ಬಿಸಿಲಿಗೆ ತಂಪು, ಆದರೆ ದನಿಗೆ ದುಶ್ಮನ್ (ಹಾಂ, ಸಿಕ್ಕ ನಿನ್ನ ದುಶ್ಮನ್). ಕಲ್ಲಿನ ನೆಲ, ಖಾಲಿ ಗೋಡೆ, ಕಬ್ಬಿಣದ ಅಲಮಾರಿ, ಎಲ್ಲಾ ಸೇರಿ ದನಿಯನ್ನು ಪುಟಿಸಿ ವಾಪಸ್ ಮೈಕಿಗೆ ಎಸೆಯುತ್ತವೆ.

ಫೋಮ್ ತರಬೇಡ. ಅಜ್ಜಿ ಹೊಲಿದ ಕೌದಿ ಇದೆಯಾ? ನಾಲ್ಕು ಪದರದ ಕೌದಿ ಎಷ್ಟು ಭಾರ ಇರುತ್ತದೆ ಗೊತ್ತಲ್ಲ. ಮೂಲೆಯಲ್ಲಿ ಹಗ್ಗ ಕಟ್ಟಿ ನಿನ್ನ ಬೆನ್ನ ಹಿಂದೆ ಒಂದು, ಎರಡೂ ಬದಿಗೆ ಒಂದೊಂದು ತೂಗುಹಾಕು. ಕೆಳಗೆ ಗಾದಿ ಹಾಸು. ಹೆಚ್ಚಿನವರು ಮೈಕಿನ ಹಿಂದೆ ಮಾತ್ರ ಹಾಕುತ್ತಾರೆ. ಮೈಕ್ ನಿನ್ನ ಕಡೆ ಮುಖ ಮಾಡಿರುತ್ತದೆ, ಅದು ಕೇಳಿಸಿಕೊಳ್ಳೋದು ನಿನ್ನ ಬೆನ್ನ ಹಿಂದಿನ ಗೋಡೆಯನ್ನು.

ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಅಷ್ಟು ಮಾಡಿದರೆ ‘ಪ’, ‘ಬ’ ಬಂದಾಗ ಗಾಳಿ ಬಡಿಯೋದಿಲ್ಲ. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕೆಂಪು ಮುಟ್ಟಿದ ದನಿಯನ್ನು ಆಮೇಲೆ ಯಾರೂ ರಿಪೇರಿ ಮಾಡೋಕೆ ಆಗಲ್ಲ. ಬೀದಿ ಗದ್ದಲ ಇರುವ ಮನೆಗೆ ಕಂಡೆನ್ಸರ್‌ಗಿಂತ ಡೈನಾಮಿಕ್ ಮೈಕ್ ವಾಸಿ. ಆ್ಯಪ್ ಬ್ಯಾಂಡ್‌ಲ್ಯಾಬ್ ಸಾಕು, ಪುಕ್ಕಟೆ.

ಈಗ ದೊಡ್ಡ ತೊಂದರೆ. ಮೇ ತಿಂಗಳು. ಫ್ಯಾನ್ ಬಂದ್, ಕೂಲರ್ ಬಂದ್, ಸುತ್ತ ಮೂರು ಕೌದಿ. ನಾನು ಒಂದು ಸಲ ಮಧ್ಯಾಹ್ನ ಪ್ರಯತ್ನಿಸಿದೆ. ಎರಡನೇ ಟೇಕಿಗೆ ಬೆವರು ಹುಬ್ಬಿನಿಂದ ಇಳಿದು ಲಿರಿಕ್ಸ್ ಹಾಳೆಯ ಮೇಲೆ ಬಿತ್ತು, ಮೂರನೇ ಸಾಲು ಅಳಿಸಿಯೇ ಹೋಯಿತು. ಈಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡುತ್ತೇನೆ. ಪಕ್ಕದ ಮನೆ ಕೂಲರ್ ಆ ಹೊತ್ತಿಗೆ ಆರಿಸಿರುತ್ತಾರೆ. ಐದರ ಮೇಲೆ ಅಜಾನ್, ಆಮೇಲೆ ಗುಡಿಯ ಸ್ಪೀಕರ್, ಆಮೇಲೆ ಹಾಲಿನವನು. ಒಂದು ತಾಸು ಸಿಗುತ್ತದೆ. ಅದರಲ್ಲಿ 16 ಬಾರ್ (ಒಂದು ಬಾರ್ ಅಂದರೆ ನಾಲ್ಕು ಏಟು) ಮುಗಿಸು, ಸಾಕು. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಏಟು) 16 ಬಾರ್ ಅಂದರೆ 43 ಸೆಕೆಂಡಿನ ಕೆಲಸ. ಒಂದು ತಾಸಿನಲ್ಲಿ ಮೂವತ್ತು ಸಲ ಹೇಳಬಹುದು.

ಅಕ್ಕ_ಆನ್_ಮೈಕ್
ಏಪ್ರಿಲ್ 29, ರಾತ್ರಿ 9:40

ಯಾದಗಿರಿಯಿಂದ. ಹುಡುಗರೆಲ್ಲಾ ‘ಬೆಂಗಳೂರಿಗೆ ಹೋಗಲಾ ಬೇಡವಾ’ ಅಂತ ಕೇಳುತ್ತೀರಿ. ನನಗೆ ಎಂಟು ಗಂಟೆ ಮೇಲೆ ಸ್ಟೇಷನ್ ರೋಡಿಗೆ ಹೋಗೋದೇ ಒಂದು ಪ್ರಶ್ನೆ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಲೆಕ್ಕ ಗೊತ್ತಿರಲಿ ಅಂತ.

ನನ್ನ ಮೊದಲ ಶೋ ಲೇಡೀಸ್ ಹಾಸ್ಟೆಲಿನ ಊಟದ ಹಾಲ್. ಕೇಳುಗರು ಮೂವತ್ತು ಜನ, ಅರ್ಧ ಜನರ ಕೈಯಲ್ಲಿ ತಟ್ಟೆ. ಬ್ಲೂಟೂತ್ ಸ್ಪೀಕರ್ ಒಂದೇ. ಎರಡನೇ ಹಾಡಿಗೆ ಮೂವರು ಮಾತ್ರ ನೋಡುತ್ತಿದ್ದರು. ಅಜ್ಜಿಯ ಬೀಸುವ ಪದದಿಂದ ಎತ್ತಿದ ಒಂದು ಸಾಲು ಬಂದಾಗ ತಟ್ಟೆ ಸಪ್ಪಳ ನಿಂತಿತು. ಮನೆಗೆ ಬಂದು ಎರಡನೇ ಹಾಡನ್ನು ಕಿತ್ತುಹಾಕಿದೆ. ಯೂಟ್ಯೂಬಿನ ಯಾವ ಗ್ರಾಫೂ ನನಗೆ ಇದನ್ನು ಹೇಳಿರಲಿಲ್ಲ. ಬಿಸಿಲೂರ್, ನಿನಗೆ ಬೇಕಾಗಿರೋದು ಒಂದು ಲಕ್ಷ ವ್ಯೂ ಅಲ್ಲಪ್ಪ, ಎದುರಿಗೆ ಕೂತ ಇಪ್ಪತ್ತು ಮುಖ.

ಹಿಪ್‌ಹಾಪ್ ಹುಟ್ಟಿದ್ದೂ ಹಾಗೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾಮನ್ ರೂಮಿನಲ್ಲಿ ಪಾರ್ಟಿ. ಡಿಜೆ ಕೂಲ್ ಹರ್ಕ್‌ನ ತಂಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಬೇಕಿತ್ತು, ಅದಕ್ಕೆ ರೊಕ್ಕ ಕೂಡಿಸೋಕೆ ಇಟ್ಟಳು. ಅಣ್ಣ ರೆಕಾರ್ಡ್ ಹಾಕಿದ. ಎಲ್ಲರೂ ಅಣ್ಣನ ಹೆಸರು ಹೇಳುತ್ತಾರೆ, ಟಿಕೆಟ್ ಮಾರಿದ ತಂಗಿ ಸಿಂಡಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಸುಸ್ಲಾ_ಮಿರ್ಚಿ
ಏಪ್ರಿಲ್ 29, ರಾತ್ರಿ 9:52

ಅಕ್ಕಾ 🙏 ಕಲಬುರಗಿಗೆ ಬಂದರೆ ಸೂಪರ್ ಮಾರ್ಕೆಟಿನಲ್ಲಿ ಮಿರ್ಚಿ ನನ್ನ ಕಡೆಯಿಂದ.

ಜಗತ್_ಸರ್ಕಲ್
ಏಪ್ರಿಲ್ 30, ಬೆಳಿಗ್ಗೆ 11:30

ಸ್ಟೇಜ್ ಬಗ್ಗೆ ಎರಡು ಮಾತು, ನಾನು ಡಿಜೆ ಸೌಂಡ್ ಕೆಲಸ ಮಾಡುವವನು. ಕಾಲೇಜ್ ಗ್ಯಾದರಿಂಗ್, ಗಣೇಶ ಮಂಡಳಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಇಷ್ಟು ಸ್ಟೇಜ್ ನಮ್ಮೂರಲ್ಲೇ ಇವೆ. ಎರಡು ತಿಂಗಳು ಮೊದಲೇ ಹೋಗಿ ಕೇಳಿ. ಹಿಂದಿನ ದಿನ ಬಂದು ‘ಅಣ್ಣಾ ಒಂದು ಚಾನ್ಸ್’ ಅಂದರೆ ನಾವೇನು ಮಾಡೋದು?

ಟ್ರ್ಯಾಕ್ ಪೆನ್‌ಡ್ರೈವ್‌ನಲ್ಲೂ ಇರಲಿ, ಫೋನಿನಲ್ಲೂ ಇರಲಿ. ಫೋನ್ ಫ್ಲೈಟ್ ಮೋಡಿಗೆ ಹಾಕಿ. ಹೋದ ವರ್ಷ ಒಬ್ಬನ ಹಾಡಿನ ನಡುವೆ ಅವನ ಅವ್ವನ ಫೋನ್ ಬಂತು, ಎರಡು ಸಾವಿರ ವಾಟಿನಲ್ಲಿ ರಿಂಗ್‌ಟೋನ್ ಕೇಳಿಸಿತು. ದನಿ ಇರುವ ಪೂರ್ತಿ ಹಾಡು ಹಾಕಿ ಮೇಲೆ ಬಾಯಿ ಆಡಿಸಬೇಡಿ, ಜನಕ್ಕೆ ಗೊತ್ತಾಗುತ್ತದೆ. ಮೈಕಿನ ಜಾಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ವಿಡಿಯೋದಲ್ಲಿ ಸ್ಟೈಲ್ ಕಾಣುತ್ತದೆ, ಸ್ಟೇಜ್ ಮೇಲೆ ಕುಂಯ್ ಅನ್ನುತ್ತದೆ. ಆಮೇಲೆ ಎಲ್ಲರೂ ನನ್ನನ್ನು ಬೈಯುತ್ತಾರೆ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಬಂದ್, ಕಾನೂನು. ನಿಮ್ಮದು ಕೊನೇ ಐಟಂ ಆದರೆ ಹೋಯಿತು ಅಂತಲೇ ತಿಳಿಯಿರಿ, ನಡುವೆ ಕೇಳಿ ಇಸಕೊಳ್ಳಿ.

ಬಿಸಿಲೂರ್_ಹುಡುಗ
ಮೇ 2, ರಾತ್ರಿ 12:30

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಲೇಬಲ್‌ನವರಿಗೆ ಬೇಡ ಅಂದೆ. ‘ನಿನ್ನ ಟ್ಯಾಲೆಂಟ್ ವೇಸ್ಟ್ ಆಗುತ್ತೆ’ ಅಂದು ಬ್ಲಾಕ್ ಮಾಡಿದರು.

ಕಾಕಾ ಹೇಳಿದ ಹಾಗೆ ನಿನ್ನೆ ಸಂಜೆಯದ್ದೇ ಬರೆದಿದ್ದೇನೆ.

*ಗಂಜಿನ್ಯಾಗ ತೊಗರಿ ಚೀಲ, ಎಣಿಸಾಂವ ನಮ್ಮಪ್ಪ,*
*ಸಂಜಿಗಿ ಮನಿಗಿ ಬಂದ್ರ ಅಂಗಿ ಮ್ಯಾಲ ಧೂಳ ದಪ್ಪ,*
*ಅಂಜಿ ಅಂಜಿ ಕೇಳ್ದೆ, ಮೈಕಿಗಿ ರೊಕ್ಕ ಕೊಡು ಸ್ವಲ್ಪ,*
*‘ಮುಂಜಾನಿ ನೋಡ್ತೀನಿ’ ಅಂದ, ಕಣ್ಮುಚ್ಚಿ ಮಲ್ಕೊಂಡ ಗಪ್ಪ.*

ಸುಸ್ಲಾ_ಮಿರ್ಚಿ
ಮೇ 2, ರಾತ್ರಿ 12:41

ಒಂದೇ ಒಂದು ‘ತೀನಿ’, ಅದೂ ಅಪ್ಪಂದು. ನಾನು ಸುಮ್ನಾದೆ.

ತೊಗರಿಬ್ಯಾಳಿ_ಕಾಕಾ
ಮೇ 2, ಬೆಳಿಗ್ಗೆ 6:05

ಗಂಜಿ, ಸಂಜಿ, ಅಂಜಿ, ಮುಂಜಾ. ಭೇಷ್! ‘ಸ್ವಲ್ಪ’ ಸ್ವಲ್ಪ ಜಗ್ಗಿದೆ, ಆದರೂ ನಡೆಯುತ್ತದೆ.

ಬೀದರ್_ಬೇಸ್
ಮೇ 2, ಬೆಳಿಗ್ಗೆ 10:18

ಇದಕ್ಕೆ ಹಲಗೆ ಬೀಟ್ ನನ್ನದು. ರೊಕ್ಕ ಬೇಡ, ಅರ್ಧ-ಅರ್ಧ. ಕಾಗದ ವಕೀಲ್ ಸಾಬ್ ಬರೆಯಲಿ.

ವಕೀಲ್_ಸಾಬ್
ಮೇ 2, ಬೆಳಿಗ್ಗೆ 10:40

ಬರೆಯುತ್ತೇನೆ. ಒಂದೇ ಪುಟ. ದುಡ್ಡಿನ ಕನಸು ಸ್ವಲ್ಪ ಅಳತೆಯಲ್ಲಿರಲಿ. ಯೂಟ್ಯೂಬ್ ಜಾಹೀರಾತು ಪಾಲು ಕೊಡೋದು 1,000 ಸಬ್‌ಸ್ಕ್ರೈಬರ್ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿದ ಮೇಲೆ, ಇಲ್ಲಾ ಅಷ್ಟೇ ಸಬ್‌ಸ್ಕ್ರೈಬರ್ ಜೊತೆಗೆ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ ಬಂದ ಮೇಲೆ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡಿಗೆ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದಿದ್ದರೆ ಪೈಸೆಯೂ ಇಲ್ಲ. ಹಾಡು ಓಡೋಕೆ ಶುರುವಾದರೆ ಐಪಿಆರ್‌ಎಸ್ ಸದಸ್ಯತ್ವ ತೆಗೆದುಕೊಳ್ಳಿ, ಸಾಹಿತ್ಯ ಮತ್ತು ಸಂಗೀತದ ರಾಯಲ್ಟಿ ಕೂಡಿಸಿ ಹಂಚೋದು ಅವರೇ. ಅಲ್ಲಿಯ ತನಕ ಬಿ.ಕಾಂ. ಪರೀಕ್ಷೆ ಬರಿ ತಮ್ಮಾ. ಡಿಗ್ರಿ ಇದ್ದವರು ರ‍್ಯಾಪ್ ಮಾಡಬಾರದು ಅಂತ ಯಾವ ಕಾಯ್ದೆಯಲ್ಲೂ ಇಲ್ಲ.

ಬಿಸಿಲೂರ್_ಹುಡುಗ
ಜೂನ್ 8, ರಾತ್ರಿ 11:15

ಅಪ್‌ಡೇಟ್. ಪರೀಕ್ಷೆ ಮುಗಿಯಿತು. ನಿನ್ನೆ ಗೆಳೆಯನ ರೂಮಿನ ಮಾಳಿಗೆ ಮೇಲೆ ಹಾಡಿದೆ. ಬಂದವರು 23 ಜನ, ಎಣಿಸಿದೆ. ಎರಡನೇ ಹಾಡಿನ ನಡುವೆ ಕರೆಂಟ್ ಹೋಯಿತು. ಬೀಟ್ ಇಲ್ಲ, ಕತ್ತಲು. ನಿಲ್ಲಿಸೋಣ ಅನ್ನುವಷ್ಟರಲ್ಲಿ ಯಾರೋ ಖಾಲಿ ಬಕೆಟ್ ಬಡಿಯೋಕೆ ಶುರು ಮಾಡಿದ. ಗಂಜಿನ ಹಾಡು ಅದರ ಮೇಲೇ ಹೇಳಿದೆ. ಮೂರು ಸಲ ಹೇಳಿಸಿದರು.

ಕೌದಿ ಒಳಗೆ ರೆಕಾರ್ಡ್ ಮಾಡಿದ್ದನ್ನು ಇವತ್ತು ಅಪ್ಪನಿಗೆ ಕೇಳಿಸಿದೆ. ಪೂರ್ತಿ ಕೇಳಿದರು. ಚಾ ಕುಡಿದು ಲೋಟ ಕೆಳಗಿಟ್ಟು ಒಂದೇ ಮಾತು ಹೇಳಿದರು: ‘ಎಣಿಸಾಂವ ಮುನೀಮ. ನಾ ತೂಗಾಂವ.’

ಇಪ್ಪತ್ತೊಂದು ವರ್ಷ ಆ ಮನೆಯಲ್ಲೇ ಇದ್ದೇನೆ, ನನಗೆ ಗೊತ್ತಿರಲಿಲ್ಲ.

ತೊಗರಿಬ್ಯಾಳಿ_ಕಾಕಾ
ಜೂನ್ 9, ಬೆಳಿಗ್ಗೆ 5:50

ಎಣಿಸಾಂವ: ಒಂದು, ಒಂದು, ಎರಡು, ಒಂದು. ಐದು ಮಾತ್ರೆ.
ತೂಗಾಂವ: ಎರಡು, ಎರಡು, ಒಂದು. ಐದು ಮಾತ್ರೆ.
ಫ್ಲೋ ಕೆಡೋದಿಲ್ಲ. ಮತ್ತೆ ರೆಕಾರ್ಡ್ ಮಾಡು.

ಬಿಸಿಲೂರ್_ಹುಡುಗ
ಜೂನ್ 9, ಬೆಳಿಗ್ಗೆ 8:22

ಆಯ್ತು ಕಾಕಾ. ನಾಳೆ ಬೆಳಗಿನ ಜಾವ ನಾಲ್ಕಕ್ಕೆ.